ಹುಸಿಪೆಟ್ಟು

ಚಿಯಾತುರಾದ ಹಳೆಯ ತಂತಿತೊಟ್ಟಿಲು ನಿಂತು ಎಷ್ಟೋ ವರ್ಷ.
ತುಕ್ಕು ತಿಂದ ಕೆಳನಿಲ್ದಾಣ. ನಾವು ಆರು ಮಂದಿ,
ಎರವಲು ತಂದ ನಾಲ್ಕು ಸ್ಪೀಕರು,
ಟಿಕೇಟು ಹರಿದುಕೊಡುತ್ತಿದ್ದ ಗೂಡಿನೊಳಗೆ ತೆಕ್ಲೆ,
ಅವಳ ಮೇಜಿನ ಮೇಲೆ ಹಾವಿನ ಮರಿಗಳಂತೆ ವೈರು.

ನಮಗೆ ಕಂಪನಿಯಿಲ್ಲ, ಧಣಿಯಿಲ್ಲ.
ನಲವತ್ತೇ ಕ್ಯಾಸೆಟ್ಟು. ಒಂದೊಂದನ್ನೂ
ಅಡುಗೆಮನೆಯಲ್ಲಿ, ಬದನೆ ಹುರಿಯುತ್ತ, ನಕಲಿಳಿಸಿದವನು ನಾನು.
ಹನ್ನೊಂದನೆಯದಕ್ಕೆ ಇನ್ನೂ ಬೆಳ್ಳುಳ್ಳಿ ವಾಸನೆ.

ತೆಕ್ಲೆಯ ಅಜ್ಜ ಬೆಸಾರಿಯೊನ್ ಕಮ್ಮಾರ.
ಮುಪ್ಪು, ಮಂಡಿನೋವು, ವರ್ಷವೆಲ್ಲ ಕುಲುಮೆಗೆ ಬೀಗ.
ಈಸ್ಟರಿನ ಹಿಂದಿನ ಗುರುವಾರ ಮಾತ್ರ, ಕೋಳಿ ಕೂಗುವ ಮುಂಚೆ,
ಬರಿಯ ಅಡಿಗಲ್ಲಿಗೆ ಪೆಟ್ಟು.
ಕಬ್ಬಿಣವಿಲ್ಲ, ಕೆಂಡವಿಲ್ಲ, ಬರೀ ಪೆಟ್ಟು.
ಯಾಕಜ್ಜಾ ಎಂದರೆ ಬೆಟ್ಟದ ಕಡೆ ಗದ್ದ ಎತ್ತುತ್ತಿದ್ದ:

ಅಲ್ಲಿ, ಮಂಜಿನ ಹೊಟ್ಟೆಯೊಳಗೆ, ಅಮಿರಾನಿ.
ದೇವರ ಜೊತೆ ತೋಳು ಅಳೆಯಹೋಗಿ ಗೂಟಕ್ಕೆ ಬಿದ್ದವ.
ಪಕ್ಕದಲ್ಲಿ ಅವನ ನಾಯಿ ಕುರ್ಶಾ, ಹದ್ದಿನ ಗೂಡಲ್ಲಿ ಹುಟ್ಟಿದ್ದು.
ನೆಕ್ಕುತ್ತದೆ. ಹಗಲೂ ಇರುಳೂ ಸರಪಳಿಯನ್ನು ನೆಕ್ಕುತ್ತದೆ.
ಕೊಂಡಿ ಸವೆದು ಕೂದಲೆಳೆಯಾಗಿ
ಇನ್ನೇನು ಒಂದು ನೆಕ್ಕು ಎನ್ನುವಾಗ
ಊರೂರ ಕಮ್ಮಾರರು ಒಟ್ಟಿಗೆ ಸುತ್ತಿಗೆ ಎತ್ತುತ್ತಾರೆ.
ಸರಪಳಿ ಮತ್ತೆ ತೊಡೆಗಾತ್ರ.

"ಹಾಗಾದರೆ ನೀನು ಅವನ ಕಡೆಯಲ್ಲ" ಎಂದಳಂತೆ ಏಳರ ತೆಕ್ಲೆ.
ಅಜ್ಜ ಮೂಗು ಸೀನಿದ. ರೊಟ್ಟಿ ಮುರಿದ.
ಉತ್ತರ ಇವತ್ತಿಗೂ ಬಂದಿಲ್ಲ.

ಮುಂದೆ, ಅಬಸ್ತುಮಾನಿಯ ದೂರದರ್ಶಕಗಳ ಗುಡ್ಡದಲ್ಲಿ
ಎರಡು ಚಳಿಗಾಲ ಅವಳು ನೆಲ ಒರೆಸಿದಳು.
ರಾತ್ರಿಪಾಳಿಯ ಯಾಸೋನ್, ಚಹಾಕ್ಕೆ ಜಾಮು ಕಲಸುತ್ತ,
ಎಲ್ಲಿಂದಲೋ ತರಿಸಿದ ಟೇಪು ಹಾಕಿದ:
ಟಕ್. ಟಕ್. ಮುಕ್ಕಾಲು ಸೆಕೆಂಡಿಗೊಂದು.
ಸತ್ತ ನಕ್ಷತ್ರವಂತೆ. ಊರಿನಷ್ಟಗಲದ ಗುಂಡಂತೆ,
ಸೂರ್ಯನನ್ನೂ ಮೀರಿದ ಭಾರವಂತೆ.
"ತಿರುಗೀ ತಿರುಗೀ ಇದೂ ನಿಧಾನವಾಗುತ್ತಿದೆ ಮಗೂ,
ಕೂದಲೆಳೆಯಷ್ಟು. ಯಾವ ನಾಯಿ ನೆಕ್ಕುತ್ತಿದೆಯೋ."

ಆ ರಾತ್ರಿ ಒದ್ದೆ ಬಟ್ಟೆ ಹಿಂಡದೆಯೇ ಅವಳು ಕೂತಳು.

ಇಪ್ಪತ್ತೆರಡು ನಿಮಿಷದ ಒಂದೇ ಹಾಡು, ಮಾತಿಲ್ಲದ್ದು.
ತಳದಲ್ಲಿ ಅಜ್ಜನ ಪೆಟ್ಟು, ಕಡೆಯ ಗುರುವಾರ
ಫೋನಿಗೆ ಹಿಡಿದಿಟ್ಟದ್ದು; ಹಿಂದೆ ಅವನ ಕೆಮ್ಮೂ ಇದೆ.
ಮೇಲೆ, ಕುರಿನಾಯಿಯೊಂದು ತಗಡಿನ ತಟ್ಟೆ ನೆಕ್ಕುವ ಸರಸರ.
ನಡುವೆ ಕತ್ತಲು, ಅದರ ಆಚೆ ಆ ಟಕ್.

ಗಣಿಯ ಮಕ್ಕಳು, ಉಗುರಲ್ಲಿ ಕರಿಮಣ್ಣು ಉಳಿದವರು,
ನೂರಿಪ್ಪತ್ತು ಜನ ಕುಣಿದರು. ಗೋಡೆಯ ಸುಣ್ಣ ಉದುರಿತು.
ಹದಿನೆಂಟನೆಯ ನಿಮಿಷಕ್ಕೆ ತೆಕ್ಲೆ
ಸುತ್ತಿಗೆಯನ್ನು ತೆಗೆದುಬಿಟ್ಟಳು.

ತಾಳದಲ್ಲಿ ಘಾತ ಬೀಳಬೇಕಾದ ಕಡೆ ಹುಸಿ.
ನಾಲಿಗೆ ಮಾತ್ರ. ನಾಲಿಗೆ ಮಾತ್ರ.
ಕೊಂಡಿ ತೆಳುವಾಗುವುದು ಕೇಳುತ್ತಿತ್ತು, ಆಣೆ,
ಬೆಟ್ಟದೊಳಗೆ ಯಾರೋ ಮಗ್ಗುಲು ಬದಲಿಸಿದಂತೆ.
ಬಿಡಲಿ ಎಂದುಕೊಂಡೆ. ಈಗ ಬಿಟ್ಟುಬಿಡಲಿ.

ಆಗ ಯಾರದೋ ಹಿಮ್ಮಡಿ.
ಅದರ ಹಿಂದೆ ಇನ್ನೊಂದು. ನೋಡನೋಡುತ್ತ
ಇನ್ನೂರ ನಲವತ್ತು ಹಿಮ್ಮಡಿ ಕಾಂಕ್ರೀಟಿಗೆ,
ಬಿಟ್ಟ ಜಾಗದಲ್ಲೇ, ಒಂದು ಕೂದಲೂ ತಪ್ಪದೆ:
ಅಜ್ಜನ ಪೆಟ್ಟು, ಅಜ್ಜನ ಪೆಟ್ಟು.
ಯಾರೂ ಹೇಳಿಕೊಟ್ಟದ್ದಲ್ಲ.

ತೆಕ್ಲೆ ಗೂಡಿನ ಗಾಜಿಗೆ ಹಣೆ ಒತ್ತಿದಳು.
ನಗುತ್ತಿದ್ದಳೋ ಏನೋ. ಗಾಜಿಗೆ ಉಸಿರು ಕಟ್ಟಿತ್ತು.

ನಾನು ಹೊರಗೆ ಬಂದೆ. ಚಳಿ. ತಲೆಯ ಮೇಲೆ
ಎಲ್ಲಿಗೂ ಹೋಗದ ಹಗ್ಗ, ಅದರಾಚೆ ಚುಕ್ಕಿ.
ಕಿವಿಗೆ ಹಳದಿ ಬಿಲ್ಲೆ ಚುಚ್ಚಿದ ಬೀದಿನಾಯಿ
ಹತ್ತಿರ ಬಂದು ಬೆರಳು ನೆಕ್ಕಿತು. ಬೆಳ್ಳುಳ್ಳಿಗಿರಬೇಕು.
ಕೈ ಕೊಟ್ಟು ನಿಂತೆ, ಬಹಳ ಹೊತ್ತು.
ಕಾಲು ಮಾತ್ರ, ಹಾಳಾದ್ದು, ಇನ್ನೂ ಬಡಿಯುತ್ತಲೇ ಇತ್ತು.